ಕಾವಲು ತಗೊಂಡೇ ಹುಟ್ಟಿದ ಕೂಸು

ಅಲ್ಲ ಕಣೇ ರೂಪಾ, ಬಸುರಿಗೆ ಸೂಜಿ ಯಾಕೆ ಅಂತ ನಾನೂ ಹಿಂಗೇ ಕೇಳಿದ್ದೆ, ನಿಮ್ಮಪ್ಪ ಹೊಟ್ಟೇಲಿದ್ದಾಗ. ಅಲ್ಲಲ್ಲ, ತಡಿ, ನಿಮ್ಮಪ್ಪನಿಗಿಂತ ಮುಂಚೆ ಇನ್ನೊಂದು ಗಂಡುಮಗು ಇತ್ತು, ಅದನ್ನ ಮೊದಲು ಹೇಳ್ಬೇಕು. ಆಗ ನಮ್ಮ ಮಧುರೆ ಹಳ್ಳೀಲಿ ಹೆರಿಗೆ ಅಂದ್ರೆ ಮನೇಲೇ. ನಮ್ಮತ್ತೆ ನಂಜಮ್ಮನೇ ಊರಿಗೆಲ್ಲ ಸೂಲಗಿತ್ತಿ. ಎಷ್ಟು ಕೂಸಿಗೆ ನೀರು ಹುಯ್ದ ಕೈಯೋ ಅದು! ನನ್ನ ಮಗೂನೂ ಅವರೇ ಹಿಡ್ಕೊಂಡ್ರು, ಕುಡುಗೋಲಲ್ಲಿ ಹೊಕ್ಕಳಬಳ್ಳಿ ಕುಯ್ದ್ರು, ಬೂದಿ ಹಚ್ಚಿದ್ರು. ಎಲ್ಲಾರ್ಗೂ ಹಂಗೇ ಮಾಡ್ತಿದ್ದಿದ್ದು. ಐದು ದಿನ ಚೆನ್ನಾಗಿ ಹಾಲು ಕುಡೀತು. ಆರನೇ ದಿನ ಬಾಯೇ ಬಿಡ್ಲಿಲ್ಲ ಕಣಮ್ಮ. ದವಡೆ ಕಚ್ಕೊಂಡ್ಬಿಡ್ತು. ಬಾಗ್ಲು ಸದ್ದಾದ್ರೆ ಸಾಕು, ಮೈಯೆಲ್ಲ ಬಿಲ್ಲಿನಂಗೆ ಬಗ್ಗೋದು. "ಗ್ರಹ ಹಿಡಿದೈತೆ" ಅಂದ್ರು, ತಾಯ್ತ ಕಟ್ಟಿದ್ರು. ಎಂಟನೇ ದಿನ ಹೋಗ್ಬಿಡ್ತು. ಕೂಸಿಲ್ಲ, ಎದೇಲಿ ಹಾಲು ಮಾತ್ರ ಸೋರ್ತಾನೇ ಇತ್ತು.

ಆಮೇಲೆ ನಿಮ್ಮಪ್ಪ ಹೊಟ್ಟೇಲಿ ನಿಂತಾಗ ಆಸ್ಪತ್ರೆ ಸಿಸ್ಟರು ಒಬ್ರು ಬಂದ್ರು, ಹೆಗಲಿಗೆ ಸೂಜಿಮದ್ದಿನ ಐಸ್ ಡಬ್ಬಿ ಹಾಕ್ಕೊಂಡು, ನಡ್ಕೊಂಡೇ. ನಮ್ಮತ್ತೆ ಹೋದ ಕೂಸಿನ ವಿಷಯ ಎಲ್ಲ ಹೇಳಿದ್ರು. ಆವಮ್ಮ ಮೆಲ್ಲಗೆ, "ಅದು ಗ್ರಹ ಅಲ್ಲ ನಂಜಮ್ಮೋರೆ, ಧನುರ್ವಾಯು. ಕಣ್ಣಿಗೆ ಕಾಣದ ಕ್ರಿಮಿ. ಕುಡುಗೋಲು, ಬೂದೀಲಿದ್ದು ಹೊಕ್ಕಳಿಂದ ಒಳಕ್ಕೋಗುತ್ತೆ" ಅಂದ್ರು. ನಮ್ಮತ್ತೆ ತಮ್ಮ ಕೈನೇ ನೋಡ್ಕೊಂಡ್ರು. "ಹಂಗಾದ್ರೆ ನನ್ನ ಕೈಯಿಂದ್ಲೇ ಹೋಯ್ತೇನವ್ವಾ?" ಸಿಸ್ಟರು ಆ ಕೈ ಹಿಡ್ಕೊಂಡು, "ನಿಮಗೆ ಯಾರೂ ಹೇಳಿರ್ಲಿಲ್ಲ" ಅಂದ್ರು, ಅಷ್ಟೇ.

ಆಮೇಲೆ ನನ್ನ ತೋಳಿಗೆ ಸೂಜಿ ಹಾಕೋಕೆ ಬಂದ್ರು. ನಾನು ಕೇಳ್ದೆ, "ಕೂಸಿಗೆ ಬರೋ ಕಾಯ್ಲೆಗೆ ನನಗ್ಯಾಕಮ್ಮ ಸೂಜಿ?" "ನಿನ್ನ ರಕ್ತದಲ್ಲಿ ಆ ವಿಷ ತಡೆಯೋ ಶಕ್ತಿ ಹುಟ್ಟುತ್ತೆ ತಾಯಿ. ಅದು ಹೊಕ್ಕಳಬಳ್ಳಿ ಸೇರ್ಕೊಂಡಿರೋ ಮಾಸಿನ ಮೂಲಕ ಕೂಸಿಗೂ ದಾಟುತ್ತೆ. ಕಾವಲು ತಗೊಂಡೇ ಹುಟ್ಟುತ್ತೆ ನಿನ್ನ ಮಗು." ನನಗೆ ಮೈ ಜುಮ್ ಅಂತು ಕಣೇ! ತೋಳಿಗೆ ಚುಚ್ಚಿದ್ದು, ಇನ್ನೂ ಕಣ್ಣೇ ಬಿಡದ ಕೂಸಿಗೆ ಹೋಗಿ ಸೇರ್ತದೆ ಅಂದ್ರೆ! ತಿಂಗಳು ಬಿಟ್ಟು ಸಿಸ್ಟರು ಇನ್ನೊಂದು ಸೂಜಿ ಹಾಕಿದ್ರು.

ನಿಮ್ಮಪ್ಪ ಹುಟ್ದಾಗ ನಮ್ಮತ್ತೆ ಕುಡುಗೋಲು ಮುಟ್ಲಿಲ್ಲ, ಹೊಸ ಬ್ಲೇಡು ಕುದಿಸಿ ಇಟ್ಕೊಂಡಿದ್ರು. ಬೂದೀನೂ ಇಲ್ಲ. ಆರನೇ ದಿನ ಬಂತು ನೋಡು, ನನಗೂ ಅತ್ತೇಗೂ ಅನ್ನ ಇಳೀಲಿಲ್ಲ. ಅವರು ತೊಟ್ಲು ಪಕ್ಕ ಕೂತೋರು ಏಳ್ಲೇ ಇಲ್ಲ. ಏಳಾಯ್ತು. ಎಂಟನೇ ದಿನ ಬೆಳಿಗ್ಗೆ ನಾನು ಬಚ್ಚಲಲ್ಲಿದ್ದೆ, ಒಳಗಿಂದ ಕೂಗಿದ್ರು, "ಬಾಯ್ ಬಿಟ್ಟ ಕಣೇ! ಲೇ ಬಾರೇ, ಬಾಯ್ ಬಿಟ್ಟ!" ಓಡಿ ಹೋದ್ರೆ ನಿಮ್ಮಪ್ಪ ಆರಾಮಾಗಿ ಆಕಳಿಸ್ತಾ ಮಲಗವನೆ! ಆ ದೊಡ್ಡ ಹೆಂಗ್ಸು ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ಬಿಟ್ರು.

ಅವತ್ತಿಂದ ಊರಲ್ಲಿ ಯಾರು ಬಸುರಿ ಆದ್ರೂ ಅವರೇ ಕೈ ಹಿಡ್ಕೊಂಡು ಸಿಸ್ಟರ ಹತ್ರ ಕರ್ಕೊಂಡೋಗೋರು. ಮೊನ್ನೆ ನಿನ್ನ ಬಸುರಿ ತಪಾಸಣೆಗೆ ಹೋದಾಗ ಡಾಕ್ಟರಮ್ಮ ಹೇಳ್ತಿದ್ರಲ್ಲ, ಹಸುಗೂಸಿನ ರಕ್ತಕ್ಕೆ ನಂಜೇರಿಸೋ ಬೇರೆ ಕ್ರಿಮಿಗಳಿಗೂ ಹಿಂಗೇ ತಾಯಿಗೆ ಹಾಕೋ ಲಸಿಕೆ ಮಾಡ್ತಾ ಅವ್ರಂತೆ, ಇನ್ನೂ ಬಂದಿಲ್ವಂತೆ. ಬರ್ಲಿ ತಾಯಿ, ಬೇಗ ಬರ್ಲಿ. ಗೊತ್ತಿಲ್ದೆ ಮಾಡಿದ್ದನ್ನ ದೇವ್ರೂ ಮನ್ನಿಸ್ತಾನೆ ಕಣವ್ವಾ, ಗೊತ್ತಾದ್ಮೇಲೂ ತಿದ್ಕೊಳ್ದೇ ಇದ್ರೆ ಯಾರು ಮನ್ನಿಸ್ತಾರೆ?