ಅಡ್ಡಗೀಟು

ಕಲಬುರಗಿ ಬಸ್ ನಿಲ್ದಾಣದಲ್ಲಿ ಶಹಾಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ದವಾಖಾನೆಯಿಂದ ಬಂದಿದ್ದ ಅಪ್ಪ, ಮಗಳು. ಲಕ್ವ ಹೊಡೆದಿದ್ದ ಅಪ್ಪನ ಬಲಗೈ ಬೇರೆ ಯಾರದೋ ಸಾಮಾನಿನಂತೆ ಅವನ ತೊಡೆಯ ಮೇಲಿತ್ತು.

“ಸೋಮವಾರ ನನ್ನ ಮದವಿಗಿ ಹೊರಡೂಮುಂದ ಹಣಿಮ್ಯಾಲ ಶಿಲುಬಿ ಗುರುತು ನೀನ ಹಾಕ್ಬೇಕಪ್ಪ.”

“ಚರ್ಚಿನ್ಯಾಗ ಫಾದರ್ ಹಾಕ್ತಾರ ತಗೋ.”

“ದಿನಾ ಸಂಜಿಗಿ ಜಪಮಾಲಿ ಮುಗದಮ್ಯಾಗ ಫಾದರ್ ಬಂದು ಹಾಕ್ತಿದ್ರೇನು? ನೀನ ಹಾಕ್ತಿದ್ದಿ.”

“ಆಗ ಕೈ ಇತ್ತು, ಸಿಸಿಲಿ.”

“ಎಡಗೈ ಅದ ಅಲ್ಲ?”

“ಎಡಗೈಲೆ ಮಂದಿಗಿ ನೀರ ಕೊಡಂಗಿಲ್ಲ, ದೇವರ ಗುರುತು ಹಾಕ್ಲೇನು?”

“ನನಗ ಬೈಯೂಮುಂದ ಅದ ಕೈ ಎತ್ತತಿ.”

“ಬೈಯೂದು ಬ್ಯಾರೆ.”

ಎಡ ಬಲದ ಬಗ್ಗೆ ದೇವರ ಅಭಿಪ್ರಾಯವನ್ನು ಇಬ್ಬರೂ ಕೇಳಿದಂತಿರಲಿಲ್ಲ.

“ಹಂಗಾರ ಖಾಲಿ ಹಣಿ ಇಟ್ಕೊಂಡು ಮನಿ ಬಿಡ್ಲೇನು?”

ಅವಳು ಅಪ್ಪನ ಆ ಬಲಗೈಯನ್ನೇ ಎತ್ತಿ, ಹೆಬ್ಬೆರಳನ್ನು ತನ್ನ ಹಣೆಗಿಟ್ಟು ಮೇಲಿಂದ ಕೆಳಗೆ ಎಳೆದಳು. ಅಷ್ಟರಲ್ಲಿ ಅವರ ಬಸ್ಸಿನ ಕಂಡಕ್ಟರ್ “ಕಮಲಾಪುರ, ಕಮಲಾಪುರ!” ಎಂದು ಕೂಗಿದ. ಕೈ ಜಾರಿ ಬಿತ್ತು.

“ಅಡ್ಡಗೀಟು ಉಳೀತಲ್ಲವ್ವಾ,” ಅಪ್ಪನಿಗೆ ಗಾಬರಿ.

“ಉಳೀಲಿ. ನೀ ಒಲ್ಲೆ ಅಂದ್ರ ಸೋಮವಾರ ಹಿಂಗ ಅರ್ಧಾ ಹೋಗ್ತೀನಿ.”

“ಬರೇ ನಿಂತ ಗೀಟು ಶಿಲುಬಿ ಆಗಂಗಿಲ್ಲ.”

“ಗೊತ್ತದ. ಹತ್ತಪ್ಪ.”

ಬಸ್ಸಿನ ಮೆಟ್ಟಿಲು ಎತ್ತರವಿತ್ತು. ಅವನು ಮಗಳ ಹೆಗಲು ಹಿಡಿದು ಹತ್ತಿದ. ಹಿಡಿದದ್ದು ಎಡಗೈಯಲ್ಲೇ.