ಬೀರೋಬಾನ ಕುರಿ

೧೯೭೭ರ ಬೇಸಿಗೆ. ಅಕ್ಕಲಕೋಟೆಯ ಎಸ್‌ಟಿ ಸ್ಟ್ಯಾಂಡಿನಲ್ಲಿ ಮೈಂದರ್ಗಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ತಡವಳ ಕಡೆಯ ಗಂಡ ಹೆಂಡತಿ ಕೂತಿದ್ದರು. ಆಲಿಕಲ್ಲು ಮಳೆಗೆ ಸತ್ತ ಕುರಿಗಳ ಸರಕಾರಿ ಪರಿಹಾರಕ್ಕೆ ಹೆಬ್ಬೆಟ್ಟು ಒತ್ತಿ ಬಂದವರು.

“ನಾಳಿ ಬೀರೋಬಾನ ಗುಡಿ ಮುಂದ ಎಲ್ಲಾರ ಹೆಸರು ಓದ್ತಾರಂತ,” ಅಂದ ಗಂಡ. “ಯಾರಿಗಿ ಎಷ್ಟು ಕುರಿದು ರೊಕ್ಕ ಬಂತು, ಊರಿಗೆಲ್ಲ ಗೊತ್ತಾಗಬೇಕಂತ.”

“ಗುಡಿ ಮುಂದ್ಯಾಕ್ರಿ?” ಅಂದಳು ಹೆಂಡತಿ.

“ಮಂದಿ ಕೂಡೂದು ಅಲ್ಲೇ ಅಲ್ಲೇನು?”

“ದೇವರಿಗಿ ಬಿಟ್ಟ ಕುರೀನೂ ನಮ್ಮವೇ ಅಂತ ಬರಸೀರೇನು?”

“ಮತ್ತೇನ ಮಾಡ್ಲಿ? ಬೀರೋಬಾನವು ಅಂದ್ರ, ಅವನ ಹೆಬ್ಬಟ್ಟ ಒತ್ತಿಸ್ಕೊಂಡ ಬಾ ಅಂತಿದ್ದ ಪಟ್ಟಿ ಬರ್ಯೂ ತಲಾಠಿ.”

“ಅವನ ಕುರಿ, ಅವನ ಮುಂದನ ನಮ್ಮವು ಅಂತ ಓದಸ್ತೀರಿ?”

“ಸಾವಕಾಶ ಮಾತಾಡ.”

“ಏಳ್ರಿ, ಕಚೇರಿಗಿ ಹೊಳ್ಳಿ ಹೋಗಿ ದೇವರ ಕುರಿ ಪಟ್ಟಿಯಿಂದ ತಗಸೂಣು.”

“ಸುಳ್ಳ ಬರಸಿದ್ದಿ ಅಂತ ನಮ್ಮ ಕುರಿದೂ ತಗದ ಹಾಕ್ತಾರ.”

ಆಕೆ ಮಡಿಲಲ್ಲಿದ್ದ ಬಟ್ಟೆಯ ಗಂಟನ್ನು ಹತ್ತಿರ ಎಳೆದುಕೊಂಡಳು. ಗಂಡ ಆಕೆಯತ್ತ ಬಾಗಿದ.

“ನಾಳಿ ಯಾರರ ಎದ್ದು ಕೇಳಿದ್ರ ಖರೇ ಹೇಳಿಬಿಡ್ತೀನಿ. ಆತೇನು?”

“ಯಾರೂ ಏಳೂದಿಲ್ರಿ. ಎಲ್ಲಾರ ಹಿಂಡಿನ್ಯಾಗೂ ಅವನ ಕುರಿ ಸತ್ತಾವು. ಎಲ್ಲಾರೂ ನಮ್ಮವು ಅಂತನ ಬರಸ್ಯಾರ.”

ತಡವಳದ ಬಸ್ಸು ಬಂತು. ಗಂಡ ಮೊದಲು ಹತ್ತಿ, ಗಂಟಿಗೆ ಕೈ ಚಾಚಿದ. ಆಕೆ ಗಂಟು ಕೊಡಲಿಲ್ಲ.

“ಇನ್ನ ಕೇಳಾಂವ ಬೀರೋಬಾ ಒಬ್ಬನ ಉಳದಾನ,” ಅಂದು, ಗಂಟನ್ನು ಎದೆಗವಚಿಕೊಂಡೇ ಮೆಟ್ಟಿಲು ಹತ್ತಿದಳು.