ಹಳೇ ಸೆಟ್‌ಗೆ ಗೊತ್ತಿದ್ದ ಮನಿ

ಇನ್ನಷ್ಟು ಹತ್ರ ಸರೀರಿ, ಸಾವಕಾಶ ಹೇಳತೇನಿ. ಇದು ಬೈಲಹೊಂಗಲದಾಗ ಇರೂ ನಮ್ಮ ಕಾಕಾನ ಮಗ ಮಾಂತೇಶಗ ಆದದ್ದು... ಹೋದ ಥಂಡಿ ದಿನದಾಗ.

ಮಾಂತೇಶಂದು ಬೀಜ ಮಾರೂ ಕೆಲಸ, ದಿನಾ ತಿರಗಾಟ. ಹೊಸಾ ಕಾರು ತಗೋವಾಗ ದಾರಿ ತೋರ್ಸೂ ನ್ಯಾವಿಗೇಶನ್ ಸೆಟ್ ಇಲ್ಲದ ಮಾಡೆಲ್ ತಗೊಂಡಿದ್ದ. ಆಮ್ಯಾಲೆ ಹೇಣ್ತಿ ಅಣ್ಣನ ಕಾರಿನ್ಯಾಗ ಕಂಪನಿ ಸೆಟ್ ನೋಡಿದ್ದ ತಡ, ಇವನ ಜೀವಾ ನಿಲ್ಲವಲ್ದು. ಹೊರಗಿಂದು ಬ್ಯಾಡಂತ, ಕಂಪನಿದಽ ಬೇಕಂತ.

"ಸವದತ್ತಿಗೆ ಹೋಗಾಕ ನಿಮಗ ನಕಾಶಿ ಬೇಕೇನ್ರಿ?" ಅಂತ ಹೇಣ್ತಿ ನಾಗರತ್ನಾ ಚ್ಯಾಷ್ಟಿ ಮಾಡಿದ್ಲು.

ಕೇಳೂ ಪೈಕಿ ಅಲ್ಲ ಇಂವ. ಹುಬ್ಬಳ್ಳಿ ಗುಜರಿಯೊಳಗ ಅದಽ ಮಾಡೆಲ್ಲಿನ ಕಾರು ಬಿದ್ದಿತ್ತು, ಅಪಘಾತ ಆದದ್ದು. ಅದರ ಸೆಟ್ ಬಿಚ್ಚಿ ಇವನ ಕಾರಿಗೆ ಕುಂದ್ರಿಸಿದ್ರು. "ಹಳೇ ವಿಳಾಸ ಎಲ್ಲಾ ಅಳಸ್ಲೇನ್ರಿ?" ಅಂತ ಮಿಸ್ತ್ರಿ ಕೇಳಿದ. "ಇರ್ಲಿ ಬಿಡೋ, ಹೊತ್ತಾಗೇತಿ" ಅಂದ ಇಂವ. ಅಲ್ಲೇ ತಪ್ಪಿದ ನೋಡ್ರಿ.

ಮರುದಿನ ರಾತ್ರಿ ಹನ್ನೊಂದರ ಸುಮಾರು ಸವದತ್ತಿಯಿಂದ ವಾಪಸ್ ಹೊಂಟಿದ್ದ. ದಾರ್ಯಾಗ ಒಂದು ಆಲದಮರ, ಅದರ ಬುಡಕ್ಕ ಹಾಳಬಾವಿ. ಅಲ್ಲಿ ಬಂದಾಗ ಸೆಟ್... ಟಿಣ್.

"ಎಡಕ್ಕೆ ತಿರುಗಿ. ಮನೆ, ಎರಡು ಕಿಲೋಮೀಟರ್."

ಇಂವ ಏನೂ ಒತ್ತಿರಲಿಲ್ಲ. ಸೆಟ್ ಬಂದ್ ಮಾಡಿದ. ಮತ್ತ... ಟಿಣ್. "ಎಡಕ್ಕೆ ತಿರುಗಿ." ಸೀದಾ ಹೋಗಬೇಕಂದ್ರ ಕೈ ಮಾತು ಕೇಳವಲ್ದು, ತಿರುವಿದ. ಕಬ್ಬಿನ ನಡುವಿನ ಮಣ್ಣಿನ ರಸ್ತೆ. ಗಾಲಿ ಕೆಳಗ ಕಲ್ಲು ಕರ್... ಕರ್... ಬ್ಯಾರೆ ಸಪ್ಪಳಿಲ್ಲ.

ಒಂದು ಮನಿ ಮುಂದ ಸೆಟ್ ಮತ್ತ ಟಿಣ್ ಅಂದು, "ನೀವು ಮನೆ ತಲುಪಿದ್ದೀರಿ" ಅಂತು. ಒಳಗ ಅಗಳಿ ಸರೀತು. ಒಬ್ಬಾಕಿ ಹೆಣ್ಮಗಳು ಕಾರಿನ ತನಾ ಓಡಿ ಬಂದು, ಇವನ ಮುಖಾ ನೋಡಿ ನಿಂತಬಿಟ್ಲು. ಆಕಿ ಹೆಸರು ಭಾಗೀರಥಿ.

"ದಾರಿ ತಪ್ಪಿ ಬಂದೇನ್ರಿ, ಅಕ್ಕಾರ."

"ಸಣ್ಣಗ ಮಾತಾಡ್ರಿ, ಕೂಸು ಮಲಗೇತಿ... ಆ ಟಿಣ್ ಸಪ್ಪಳ, ನಮ್ಮನಿಯವರ ಗಾಡೀದು."

ಮಾಂತೇಶ ಸೆಟ್‌ನ ಹಕೀಕತ್ ಹೇಳಿದ. ಆಕಿ ಸೆರಗಿಲೆ ಬಾಯಿ ಒತ್ತಿ ಹಿಡದ್ಲು.

"ಕಿತ್ತೂರ ಹೈವೇದಾಗ ಅಪಘಾತ ಆಗಿ ಹೋದ್ರು, ಆರು ತಿಂಗಳಾತು. ಆಗ ನಾ ತುಂಬಿದ ಬಸರಿ. ಬಸರಿ ಹೆಂಗಸು ಹೆಣಾ ನೋಡಬಾರದಂತ ಹಿರ್ಯಾರು ಬಿಡಲಿಲ್ಲ. ದವಾಖಾನಿಯಿಂದ ಸೀದಾ ಹೊಲಕ್ಕ ಒಯ್ದು ಮಣ್ಣು ಮಾಡಿದ್ರು... ಅವರು ಮನಿಗೆ ಬರಲೇ ಇಲ್ರಿ."

ಮಾಂತೇಶ ಕುಂತಲ್ಲೇ ಕೈ ಮುಗದ.

ಆಕಿ ಹೋಗಿ ಕಾರಿನ ಮುಂದಿನ ಎಡಗಡಿ ಬಾಗಲಾ ತಗದ್ಲು. ಟಕ್. ಹಂಗಽ ಹಿಡಕೊಂಡು ನಿಂತ್ಲು... ಯಾರರೆ ಇಳಿಯೂ ತನಾ ನಿಂತಾಂಗ. ಆಮ್ಯಾಲೆ ಮೆತ್ತಗ ಹಾಕಿದ್ಲು. ಮನಿ ಕಡೆ ನಡಕೋತ, ಬಾಜೂಕ ಮುಖಾ ಹೊಳ್ಳಿಸಿ ಪಿಸುಗುಟ್ಟಿದ್ಲು.

"ಮಗಳು ನಿಮ್ಮಂಗಽ ಅದಾಳ್ರಿ."

ಬಾಜೂಕ ಯಾರೂ ಇರಲಿಲ್ಲ. ಬೈಲಹೊಂಗಲದ ತನಾ ನಮ್ಮಂವ ಅಳಕೋತ ಬಂದ. ಅಂಜಿಕಿಗಲ್ಲ, ಸಂಕಟಕ್ಕ. ಸೆಟ್ ಆಮ್ಯಾಲೆ ಎಂದೂ ಆ ದಾರಿ ಹೇಳಲಿಲ್ಲ.

ಆ ರಾತ್ರಿ ನಾನೂ ಅವನ ಮನ್ಯಾಗಽ ಇದ್ದೆ. ಮರುದಿನ ಮುಂಜಾನಿ ನಮ್ಮ ಊರಿಗೆ ಹೋಗಾಕ ನಾವೆಲ್ಲಾ ಕಾರು ಹತ್ತಿದ್ವಿ. ನಾಗರತ್ನಾ ಎಡಗಡಿ ಕುಂತ್ಲು, ಕಾಲು ಮುಂದ ಮುಟ್ಟವಲ್ವು. ದಿನಾ ಆಕಿ ಕುಂದ್ರೂ ಸೀಟು ಪೂರಾ ಹಿಂದಕ್ಕ ಸರದಿತ್ತು, ಎತ್ತರದ ಮನಶಾ ಕಾಲು ಚಾಚೂವಷ್ಟು.

ಸುಳ್ಳಲ್ರಿ. ಆ ಸೀಟು ಮುಂದಕ್ಕ ಎಳದಾಂವ ನಾನಽ.